ಅಂಚಿನ ಮಾತು

ಗ್ರಿಮ್ಸ್‌ಬಿಯ ಲೈಬ್ರರಿಯಲ್ಲಿ
ತಿಂಗಳ ಕೊನೆಯ ಗುರುವಾರ ಸಿನಿಮಾ.
ಮಡಚುವ ಕುರ್ಚಿ ನಲವತ್ತು, ಬರುವವರು ಹದಿನೇಳು,
ಅವರಲ್ಲಿ ಇಬ್ಬರು ಹೀಟರಿಗಾಗಿ.
ಮುಗಿದ ಮೇಲೆ ಬೆರಿಲ್
ಬಿಸ್ಕತ್ತಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ,
ಹುಂಡಿ ಕಾಯುವವಳ ಹಾಗೆ.
ಚೀಟಿ ಹಾಕದೆ ಯಾರೂ ಹೊಸ್ತಿಲು ದಾಟುವಂತಿಲ್ಲ.

ಬಿಡಿಸಿ ಓದುವ ಕೆಲಸ ನನ್ನದು.
ಹಗಲೆಲ್ಲ ಕಾರ್ಖಾನೆಯಲ್ಲಿ
ಹ್ಯಾಡಕ್ ಮೀನಿನ ಮುಳ್ಳು ಹುಡುಕುವ ಬೆರಳು.
ಎಷ್ಟು ಉಜ್ಜಿದರೂ ವಾಸನೆ ಹೋಗದು;
ಊರಿನವರ ಅಭಿಪ್ರಾಯಕ್ಕೂ ಅಷ್ಟಿಷ್ಟು ಅಂಟಿರಬೇಕು.

"ಕುದುರೆಗೆ ಏನಾಯಿತು? ಅರ್ಧಕ್ಕೇ ಬಿಟ್ಟರಲ್ಲ."

"ಅವನು ಅಳಬಾರದಿತ್ತು.
ಅತ್ತದ್ದೇ ಒಳ್ಳೆಯದಾಯಿತು."
ಒಂದೇ ಕೈಬರಹ, ಎರಡು ಶಾಯಿ.

"ಸೂಪು ಸೊರ್ರೆನ್ನುವ ಸದ್ದು ಮಾತ್ರ ನಿಜ."
ಇದು ರಾಮುನಾಸ್, ಲಿಥುವೇನಿಯಾದವನು,
ನನ್ನ ಪಕ್ಕದ ಬೆಲ್ಟಿನಲ್ಲಿ ಮೀನಿನ ತಲೆ ತೆಗೆಯುವವನು.

"ತುಂಬ ಉದ್ದ."
ಇದು ಮಿಸ್ಟರ್ ಹೆಬಲ್‌ವೈಟ್.
ಹನ್ನೊಂದು ನಿಮಿಷದ ಚಿತ್ರಕ್ಕೂ ಹೀಗೇ ಬರೆದಿದ್ದರು.

ನಮ್ಮೂರ ಟೆಂಟಿನಲ್ಲಿ ಅಭಿಪ್ರಾಯವೆಂದರೆ ಸಿಳ್ಳೆ,
ಇಲ್ಲವೇ ಆಪರೇಟರನ ಅಪ್ಪ ಅಮ್ಮನ ಸುದ್ದಿ.
ಅಲ್ಲೇ ಹೇಳಿ ಅಲ್ಲೇ ಮರೆತು
ಶೇಂಗಾ ಸಿಪ್ಪೆ ಕೊಡವಿ ಏಳುತ್ತಿದ್ದೆವು.
ಇಲ್ಲಿ ಮಡಚಿ ಕೊಡುತ್ತಾರೆ,
ವೈದ್ಯರಿಗೆ ಹೇಳಲು ನಾಚುವ ನೋವಿನಂತೆ.

ಪುಸ್ತಕಗಳದ್ದು ಬೇರೆ.
ಅಲ್ಲಿ ಒಬ್ಬರಿದ್ದಾರೆ, ಯಾರೆಂದು ಗೊತ್ತಿಲ್ಲ,
ಪೆನ್ಸಿಲ್ಲು ಹಿಡಿದೇ ಓದುವವರು.
ಕಡಲ ಕಾದಂಬರಿಯ ಅಂಚಿನಲ್ಲಿ,
"ಈ ಗಾಳಿಗೆ ಬಲೆ ಬೀಸುವವನು ಮೂರ್ಖ."
ಪ್ರೇಮದ ಕಾದಂಬರಿಯಲ್ಲಿ ಬರೀ "ಸುಳ್ಳು",
ಹದಿನಾಲ್ಕು ಕಡೆ.
ಕವಿತೆಯ ಪುಸ್ತಕದಲ್ಲಿ ಮಾತಿಲ್ಲ,
ಚಹಾ ಬಟ್ಟಲಿನ ಒಂದು ಬಳೆಯಿದೆ.

ಬೆರಿಲ್ ನನಗೊಂದು ರಬ್ಬರು ಕೊಟ್ಟಳು.
ಕಪಾಟಿಗೆ ಹೋಗುವ ಮುನ್ನ ಎಲ್ಲ ಅಳಿಸಬೇಕು.
ಅಳಿಸಿದೆ. ಗಾಳಿ, ಬಲೆ, ಮೂರ್ಖ.
"ಸುಳ್ಳು"ಗಳಲ್ಲಿ ಮೂರು ಉಳಿಸಿದೆ,
ನನಗೂ ಹಾಗೇ ಅನ್ನಿಸಿದ್ದವು.

ಒಂದು ದಪ್ಪ ಪುಸ್ತಕ, ಇನ್ನೂರ ಹನ್ನೆರಡನೆಯ ಪುಟ:
ಇಪ್ಪತ್ತು ವರ್ಷ ಎಲ್ಲೋ ಇದ್ದು ಗಂಡ ಬರುತ್ತಾನೆ.
ಅವಳು ಮಾತಾಡದೆ ಮೇಜಿನ ಮೇಲೆ ತಟ್ಟೆ ಇಡುತ್ತಾಳೆ.
ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ.
ಅಂಚಿನಲ್ಲಿ ಪೆನ್ಸಿಲ್ಲು, ಒತ್ತಿ ಬರೆದದ್ದು:
"ಇವಳು ಕ್ಷಮಿಸುವವಳಲ್ಲ."

ನನ್ನಲ್ಲಿರುವ ಇಂಗ್ಲಿಷು
ಸೂಪರ್‌ವೈಸರನ ಜೊತೆ ಜಗಳಕ್ಕೆ ಸಾಕು.
ಇದಕ್ಕೆ ಸಾಲದು.
ರಬ್ಬರು ಕೆಳಗಿಟ್ಟು
ಬಾಯಿಗೆ ಬಂದ ಭಾಷೆಯಲ್ಲೇ ಬರೆದೆ:
"ತಟ್ಟೆ ಇಟ್ಟಳು ನಿಜ.
ಬಡಿಸಿದಳೆಂದು ಎಲ್ಲಿದೆ?"

ಚಳಿಗಾಲ ಹೋಯಿತು. ರಾಮುನಾಸ್ ಬೆರಳು ಕೊಯ್ದುಕೊಂಡ.
ಸಿನಿಮಾಗಳು ಬಂದವು, ಎಲ್ಲವೂ ತುಂಬ ಉದ್ದ.
ಏಪ್ರಿಲ್ಲಿನಲ್ಲಿ ಅದೇ ದಪ್ಪ ಪುಸ್ತಕ
ವಾಪಸಾದವುಗಳ ಗಾಡಿಯಲ್ಲಿ.
ನಿಂತಲ್ಲೇ ಪುಟ ತೆಗೆದೆ.

"ಈ ಲಿಪಿ ನನಗೆ ಬಾರದು.
ಜಿಲೇಬಿ ಸುತ್ತಿದ ಹಾಗಿದೆ. ಸಿಟ್ಟಿನಲ್ಲಿ ಬರೆದದ್ದೋ ಏನೋ.
ಕೊನೆಯ ಗುರುತೊಂದು ಗೊತ್ತಾಯಿತು.
ಪುಟವನ್ನು ಮತ್ತೊಮ್ಮೆ ಓದಿದೆ."

ಮೇಲಿನ ಹಳೆಯ ಸಾಲು ಹಾಗೇ ಇತ್ತು,
ಇವಳು ಕ್ಷಮಿಸುವವಳಲ್ಲ.
ಪೂರ್ಣವಿರಾಮದ ತಲೆಯ ಮೇಲೆ
ಈಗ ಒಂದು ಕೊಕ್ಕೆ,
ನಡುಗುವ ಕೈಯದು,
ಗಾಳಕ್ಕೆ ಬಾಗಿಸಿದ ಸೂಜಿಯಂತೆ.

ಆ ಗುರುವಾರ ಚೀಟಿ ಬಿಟ್ಟು
ಹದಿನೇಳು ಜೋಡಿ ಕೈ ನೋಡಿದೆ.
ಯಾವ ಬೆರಳಲ್ಲೂ ಸೀಸದ ಕಪ್ಪಿಲ್ಲ.
ಹೆಬಲ್‌ವೈಟರು ಕೋಟಿನ ಜೇಬಿನಿಂದ ಕೈ ತೆಗೆಯಲೇ ಇಲ್ಲ;
ಚಳಿಯಿತ್ತು, ಅದೂ ನಿಜ.

"ಅಳಿಸಿದೆಯಾ?" ಎಂದಳು ಬೆರಿಲ್.
ಹೂಂ ಅಂದೆ.
ಪುಟ ತಿರುವಿದಳು, ನಿಂತಳು, ಮೂಸಿದಳು.
"ಪುಸ್ತಕಕ್ಕೆ ಮೀನಿನ ವಾಸನೆ."
ಊರೇ ಹಾಗಲ್ಲವಾ, ಅಂದೆ.