ಪಾಲಿನ ಮನೆಗೆ ಬಣ್ಣ

ಪಾಲಾಗಬೇಕಾದ ಮನೆಗೆ ಯಾರು ದುಡ್ಡು ಹಾಕುತ್ತಾರೆ ಅಂತ
ಹದಿನೇಳು ವರ್ಷ ಆ ನಲ್ಲಿ ತೊಟ್ಟಿಕ್ಕಿತು.
ಕೆಳಗೊಂದು ಚೊಂಬು ಇಟ್ಟೆ.
ಬೆಳಗಾಗೆದ್ದು ಬಕೆಟ್ಟಿಗೆ ಸುರಿದೆ, ಮತ್ತೆ ಇಟ್ಟೆ.
ಪ್ರಕಾಶನಗರದ ಈ ಇಪ್ಪತ್ತು ಮೂವತ್ತರಲ್ಲಿ
ತೊಟ್ಟಿಕ್ಕುವುದು ಮೂವರು ಅಣ್ಣತಮ್ಮಂದಿರದು,
ಒರೆಸುವುದು ಮಾತ್ರ ನನ್ನೊಬ್ಬಳದು.

ಈಗ ರಾಜಿಯಾಗಿದೆ. ಮಾರಿ, ಮೂರು ಮಾಡುವುದು.
ಬ್ರೋಕರ್ ಬೋರಲಿಂಗಯ್ಯ ಹೆಲ್ಮೆಟ್ ತೆಗೆಯದೆ
ಮನೆಯೆಲ್ಲ ಒಂದು ಸುತ್ತು ಬಂದ.
ಗೋಡೆ ತಟ್ಟಿದ, ಹಲಸಿನಹಣ್ಣು ತಟ್ಟಿದ ಹಾಗೆ.
"ಹೀಗೇ ಕೊಟ್ಟರೆ ಬರೀ ಸೈಟಿನ ರೇಟು.
ನೆಲಕ್ಕೆ ಟೈಲ್ಸ್, ಬಚ್ಚಲಿಗೆ ಗೀಸರ್, ಮುಂದುಗಡೆಗೆ ಒಳ್ಳೇ ಬಣ್ಣ,
ಹಾಕಿದ ಒಂದಕ್ಕೆ ಎರಡೂವರೆ ನಾನು ಎತ್ತಿಕೊಡ್ತೀನಿ.
ಮತ್ತೆ ಅಡುಗೆಮನೆ… ಅಲ್ಲಮ್ಮಾ, ಈ ಕತ್ತಲೇಲಿ
ಉಪ್ಪು ಯಾವುದು ಸಕ್ಕರೆ ಯಾವುದು ಹೆಂಗೆ ಗೊತ್ತಾಗುತ್ತೆ?
ಇಲ್ಲೊಂದು ಕಿಟಕಿ ಬೇಕು."

ಇಲ್ಲೊಂದು ಕಿಟಕಿ ಬೇಕು.
ಇದೇ ಮಾತು, ಇದೇ ಗೋಡೆಗೆ ಬೆರಳಿಟ್ಟು
ನಾನು ಅಂದಿದ್ದೆ, ಮೊದಲ ಆಷಾಢ ಕಳೆದು ತವರಿನಿಂದ ಬಂದ ವಾರ.
"ಅತ್ತಿಗೆಗೆ ಏಸಿನೇ ಹಾಕಿಸೋಣ" ಅಂತ ನಕ್ಕಿದ್ದ ಮೈದುನ.
ಬೋರಲಿಂಗಯ್ಯ ಅಂದಾಗ ಮೂವರೂ ತಲೆದೂಗಿದರು.
ತಲಾ ಒಂದೂವರೆ ಲಕ್ಷ, ಭಾನುವಾರದೊಳಗೆ ಎಣಿಸಿ ಇಟ್ಟರು.

ನಲ್ಲಿಗೆ ಬೇಕಾಗಿದ್ದದ್ದು ಒಂದು ವಾಷರ್. ಹನ್ನೆರಡು ರೂಪಾಯಿ.
ಪ್ಲಂಬರ್ ಸೆಲ್ವಂ ಅದಕ್ಕೆ ಬೇರೆ ಕೂಲಿಯನ್ನೂ ಕೇಳಲಿಲ್ಲ.
ಆ ರಾತ್ರಿ ನಿದ್ದೆ ಹತ್ತಲಿಲ್ಲ ನನಗೆ,
ಮನೆ ಅಷ್ಟು ಸುಮ್ಮನಿತ್ತು.

ಕೆಂಪು ನೆಲದ ಮೇಲೇ ಟೈಲ್ಸ್ ಕೂತಿತು.
ಗುಂಡುಕಲ್ಲು ಬಿದ್ದು ಸೀಳಿದ ಜಾಗ,
ಮಾವನ ಕುರ್ಚಿ ಎಳೆದೆಳೆದು ತೇದ ಎರಡು ಗೀರು,
ಎಲ್ಲದರ ಮೇಲೂ ಎರಡಡಿಗೆ ಎರಡಡಿ ಬಿಳುಪು.
ಹೊಸಿಲು ಒಂದಿಂಚು ತಗ್ಗಾಗಿ
ಎಡವುತ್ತಿದ್ದ ಕಾಲು ಎಡವದೆ ತಬ್ಬಿಬ್ಬಾಯಿತು.

ಗುರುವಾರ ಯಲ್ಲಾಲಿಂಗ ಮೆಷಿನ್ ಹಿಡಿದು
ಗೋಡೆಗೆ ನಾಲ್ಕು ಗೆರೆ ಕೊಯ್ದ. ಆಮೇಲೆ ಸುತ್ತಿಗೆ.
ಧೂಳು ಇಳಿದಾಗ ಬೆಳಕಿಗಿಂತ ಮೊದಲು ಕಂಡದ್ದು
ಒಂದು ಮುಖ.
ಮೂರಡಿ ಓಣಿಯಾಚೆ ಹಿಂದಿನ ಬೀದಿಯ ಅಡುಗೆಮನೆ.
ಅವಳ ಕುಕ್ಕರು ಗೊತ್ತಿತ್ತು ನನಗೆ: ಮೂರನೇ ಸೀಟಿ ಯಾವಾಗಲೂ ಅರ್ಧಕ್ಕೆ.
ಒಗ್ಗರಣೆಗೆ ಇಂಗು ಜಾಸ್ತಿ. ಸೀನಿದರೆ ಎರಡೆರಡು ಸಲ.
ಮುಖ ಮಾತ್ರ ಇವತ್ತೇ.
"ನೀವೇನಾ," ಅಂದಳು,
"ಬೆಳಿಗ್ಗೆ ಐದಕ್ಕೆ ಚೊಂಬು ಸುರಿಯೋರು?"
ಹೆಸರು ಮರಗದಂ.

ಹತ್ತೊಂಬತ್ತು ದಿನ ಆ ಕಿಟಕಿ ನನ್ನದಾಗಿತ್ತು.
ಕರಿಬೇವು ದಾಟಿತು, ನಿಂಬೆಹಣ್ಣು ದಾಟಿತು,
ಅವಳ ಸೊಸೆಯ ದೂರು, ನನ್ನ ಓರಗಿತ್ತಿಯ ದೂರು.

ಕೊಳ್ಳುವವರು ಬಂದರು: ಗಂಡ, ಹೆಂಡತಿ,
ಹೆಂಡತಿಯ ಅಣ್ಣ, ಅವನ ಕೈಲೊಂದು ದಿಕ್ಸೂಚಿ.
ಮುಳ್ಳು ನಿಲ್ಲುವ ತನಕ ಯಾರೂ ಉಸಿರಾಡಲಿಲ್ಲ.
ಬಾಗಿಲು ಪೂರ್ವಕ್ಕೇ ಇತ್ತು.
ಹೆಂಡತಿ ಅಡುಗೆಮನೆಗೆ ಬಂದವಳು
ಕಿಟಕಿಯ ಮುಂದೆ ನಿಂತೇಬಿಟ್ಟಳು.
ಆ ನಿಲುವು ನನಗೆ ಗೊತ್ತು.

ನಡುಮನೆಯಲ್ಲಿ ಗಂಡ ಒಂದು ಲಕ್ಷ ಇಳಿಸಿ ಅನ್ನುತ್ತಿದ್ದ,
ಮೂವರೂ ಇಳಿಯಲು ಕಾಲು ಚಾಚಿದ್ದರು.
ಕಾಫಿ ಲೋಟ ಇಡುತ್ತ ಅಂದೆ:
"ಇಳಿಸೋದಿಲ್ಲ. ಕಿಟಕಿ ನೋಡಿದ್ದೀರಲ್ಲ."
ಬೋರಲಿಂಗಯ್ಯ ಅವತ್ತು ಹೆಲ್ಮೆಟ್ ತೆಗೆದ.
ಒಳಗಿನಿಂದ ಅವಳು, "ರೀ, ಕೊಟ್ಬಿಡಿ."

ಆ ಲಕ್ಷವೂ ಮೂರು ಪಾಲಾಯಿತು.
ನನ್ನ ಪಾಲಿಗೆ ಚೊಂಬು. ನಗಬೇಡಿ, ನಿಜವಾದ ಚೊಂಬೇ,
ತಳದಲ್ಲಿ ಉಪ್ಪುನೀರಿನ ಬಿಳಿ ಉಂಗುರ ಕೂತದ್ದು.
ಮರಗದಂಗೆ ಕೊಡೋಣ ಅಂದರೆ
ಹೊಸ ಸರಳಿನ ನಡುವೆ ತೂರಲಿಲ್ಲ.
ಬೀದಿ ಸುತ್ತಿ, ಅಂಗಡಿ ತಿರುವು ದಾಟಿ,
ಮೊದಲ ಸಲ ಅವಳ ಬಾಗಿಲು ತಟ್ಟಿದೆ.

ಅವಳ ಒಲೆಯ ಮುಂದೆ ನಿಂತು ಆಚೆ ನೋಡಿದೆ.
ಚೊಕ್ಕ ಅಡುಗೆಮನೆ. ಲೈಟು ಹಾಕದೆಯೂ ಎಲ್ಲ ಕಾಣುತ್ತಿತ್ತು.
"ಚೆನ್ನಾಗಿದೆ," ಅಂದೆ.
"ಮತ್ತೆ?" ಅಂದಳು ಅವಳು, ಚೊಂಬು ತೊಳೆಯುತ್ತ.