ಕೇಳುವ ಮುಂಚೆ ತರುವ ಕೈ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದುಗಡೆ,
ತೂಕದ ಚೀಟಿಗಳ ಹಳೇ ಮೂಟೆಗಳ ಪಕ್ಕ
ಒಂದು ಕೋಣೆ. ಒಳಗೆ ಎರಡು ಪ್ರೊಸೆಸರಿನ ಒಂದು ಸರ್ವರ್.
ಚಪ್ಪಲಿ ಹೊರಗೆ ಬಿಡಬೇಕೆಂದು ಬೋರ್ಡು.
ಬಿಟ್ಟೆ.

ಹರಾಜಿನ ಹೊತ್ತಿಗೆ ಮತ್ತೆ ಹಿಡಿದುಕೊಂಡಿತಂತೆ.
ಅಜ್ಮತ್ ಪಾಷಾ ಒತ್ತಿದ ದರ
ನಾಲ್ಕು ಸೆಕೆಂಡು ಎಲ್ಲೋ ಕೂತು ಎದ್ದು ಬರುವಷ್ಟರಲ್ಲಿ
ಲಾಟು ಇನ್ನೊಬ್ಬರ ಪಾಲು.
"ನನ್ನ ಬೆರಳಿಗೇನು ವಯಸ್ಸಾಯ್ತಾ?" ಅಂತ
ಫೋನು ಎತ್ತಿ ಹಿಡಿದು ಎಲ್ಲರನ್ನೂ ಕೇಳಿದರಂತೆ.

ರಾತ್ರಿ ಒಂಬತ್ತೂವರೆ. ಆರಿಸಿ, ಹೊತ್ತಿಸಿ,
ಎಫ್ ಟೂ ಕೀಲಿಯನ್ನು ಬಾಗಿಲಿನ ಹಾಗೆ ಬಡಿಯುತ್ತೇನೆ.
ಆಪರೇಟಿಂಗ್ ಸಿಸ್ಟಮ್ ಇನ್ನೂ ಕಣ್ಣು ಬಿಡದ ಹೊತ್ತು,
ಯಂತ್ರಕ್ಕೆ ತನ್ನ ಕೈಕಾಲಷ್ಟೇ ಗೊತ್ತಿರುವ ಹೊತ್ತು.
ನೀಲಿ ಪರದೆ. ಇಲ್ಲಿ ಮೌಸ್ ನಡೆಯುವುದಿಲ್ಲ,
ಬಾಣದ ಕೀಲಿ ಒತ್ತಿ ಒತ್ತಿ ಇಳಿಯಬೇಕು.

ಬೀಗದ ಕೈ ತೂಕದ ಗುಮಾಸ್ತರು ದ್ಯಾವಪ್ಪನವರದು.
ಸ್ಟೂಲಿನ ಮೇಲೆ ಕೂತು ಓದುತ್ತಾರೆ, ನನ್ನ ಹೆಗಲ ಮೇಲಿಂದ:
"ಕ್ಯಾಶ್ ಅಂದ್ರೆ ದುಡ್ಡಾ ಮೇಡಮ್?"
ಬಿಚ್ಚಾಣಿಕೆಗೆ ಕೂತವಳ ಬಾಣಲೆ ನೋಡಿದ್ದೀರಲ್ಲ,
ಬಿಸಿನೀರಲ್ಲಿ ತೇಲುವ ಹತ್ತಿಪ್ಪತ್ತು ಗೂಡು,
ಅದು ಈ ಕ್ಯಾಶ್. ಅವಳ ಬೆನ್ನ ಹಿಂದಿನ ತಟ್ಟೆ ಮೆಮೊರಿ.
ಡಿಸ್ಕು, ಬೀದಿ ಆಚೆಯ ಗೋದಾಮು.
"ಹಂಗಾದ್ರೆ ಬಾಣಲೇನೇ ದೊಡ್ಡದು ಮಾಡಿ."
ಅದು ಪ್ರೊಸೆಸರಿನ ಜೊತೆಗೇ ಹುಟ್ಟಿದ್ದು, ಹಿಗ್ಗುವುದಿಲ್ಲ.
ಯಾವ ಗೂಡು ಯಾವಾಗ ಬೀಳಬೇಕು,
ಅಷ್ಟು ಮಾತ್ರ ನಮ್ಮ ಕೈಲಿ.

ಆಗ ಕಂಡಿತು ಆ ಸಾಲು. ಪ್ರಿಫೆಚ್: ಡಿಸೇಬಲ್ಡ್.
ಕೇಳುವ ಮುಂಚೆಯೇ ತರುವ ಕೈಯನ್ನು
ನನಗಿಂತ ಮುಂಚೆ ಬಂದವನು ಯಾರೋ ಕಟ್ಟಿಹಾಕಿದ್ದ.
ಬೈದೆ, ಮನಸ್ಸಿನಲ್ಲೇ, ಸಾಕಷ್ಟು.
ಒಂದು ಎಳೆ ಸವೆಯುವ ಮುನ್ನ ಇನ್ನೊಂದರ ತುದಿಯನ್ನು
ನೋಡದೆಯೇ ಹಿಡಿದಿರುತ್ತಿದ್ದರು ನಮ್ಮ ಸಾಯಿರಾ ಖಾಲಾ;
ಗೂಡು ಮುಗಿದದ್ದು ತಿರುಗುವ ರಾಟೆಗೆ ತಿಳಿಯುತ್ತಲೇ ಇರಲಿಲ್ಲ.
ಎನೇಬಲ್ ಮಾಡಿದೆ. ಎಫ್ ಟೆನ್. ಉಳಿಸಿದೆ.

ಮೆಮೊರಿಯನ್ನು ತಡವಿ ತಡವಿ ಮೇಲೇಳಲು ಎಂಟು ನಿಮಿಷ.
ಫ್ಯಾನುಗಳ ಗಿರಣಿ. ದ್ಯಾವಪ್ಪನವರು
ಕಡಲೆಕಾಯಿ ಸುಲಿದು ಅರ್ಧ ನನ್ನ ಕಡೆ ಸರಿಸಿದರು.
ನಕಲಿ ಹರಾಜು ಓಡಿಸಿದೆ: ಮುನ್ನೂರು ರೀಲರು, ಐನೂರು ಲಾಟು.
ಮೊದಲಿಗಿಂತ ನಿಧಾನ.
ಮತ್ತೆ ಓಡಿಸಿದೆ.
ನಿಧಾನವೇ.

ಲಾಟಿನ ಚೀಟಿಯ ಬೆನ್ನಿಗೆ ಅಂಕಿ ಬರೆಯುತ್ತ ಬರೆಯುತ್ತ ಹೊಳೆಯಿತು,
ಹರಾಜು ನೂಲಿನ ಹಾಗೆ ನಡೆಯುವುದಿಲ್ಲ.
ಹದಿನೇಳನೇ ಲಾಟಿಗೆ ಕೂಗಿದವನು ಹದಿನೆಂಟಕ್ಕೆ ಬರುವುದಿಲ್ಲ,
ಇನ್ನೂರ ಮೂರಕ್ಕೆ ಹಾರುತ್ತಾನೆ, ಟೀ ಕುಡಿದು ಒಂಬತ್ತಕ್ಕೆ.
ಹದಿನೆಂಟನ್ನು ತಂದು ಕಾಯುತ್ತ ನಿಂತ ಕೈ
ಬಾಣಲೆ ತುಂಬ ಬೇಡದ ಗೂಡು ಸುರಿದು
ಬೇಕಾದ್ದನ್ನು ಹೊರಗೆ ತಳ್ಳಿತ್ತು.
ಆ ಹೆಸರು ಗೊತ್ತಿಲ್ಲದವನೂ ಒಂದು ರಾತ್ರಿ
ಇದೇ ಸ್ಟೂಲಿನ ಪಕ್ಕ ಕೂತು ಇದನ್ನು ಕಂಡುಕೊಂಡಿರಬೇಕು.
ಬರೆದಿಡಲಿಲ್ಲ, ಅಷ್ಟೇ.
ಡಿಸೇಬಲ್. ಕಾರಣ ಬರೆದು ಸರ್ವರಿನ ಪಕ್ಕೆಗೆ ಅಂಟಿಸಿದೆ.

ಇನ್ನೊಂದು ಸಾಲು ಆಸೆ ತೋರಿಸಿತು.
ಮೆಮೊರಿಯಲ್ಲಿ ತಪ್ಪು ಹುಡುಕುವ ಗಸ್ತು ನಿಲ್ಲಿಸಿದರೆ
ಕೂದಲೆಳೆಯಷ್ಟು ವೇಗ.
ಆದರೆ ಒಂದೇ ಒಂದು ಬಿಟ್ ಮಗ್ಗುಲು ಬದಲಿಸಿದರೆ
ಕಿಲೋಗೆ ನಾನೂರ ಹನ್ನೆರಡು, ನೂರ ಐವತ್ತಾರಾಗಬಲ್ಲದು.
ತಿರುಗಲಿ ಗಸ್ತು.

ಕೊನೆಗೆ ನೋಡಿದೆ, ಮೊದಲೇ ನೋಡಬೇಕಾದ ಪುಟ:
ಎರಡನೇ ಪ್ರೊಸೆಸರಿನ ಮೆಮೊರಿ ಪಟ್ಟಿ ನಾಲ್ಕಿರಬೇಕು,
ಪರದೆಯ ಲೆಕ್ಕದಲ್ಲಿ ಮೂರು.
ಕರೆಂಟು ತೆಗೆದು, ಮುಚ್ಚಳ ಬಿಚ್ಚಿ, ಪಟ್ಟಿ ಕಿತ್ತೆ.
ಬಂಗಾರದ ಹಲ್ಲುಗಳ ಸಂದಿಯಲ್ಲಿ ಗೂಡಿನ ಜುಂಗು,
ಈ ಊರಿನ ಗಾಳಿಯಲ್ಲೆಲ್ಲ ಇರುವಂಥದ್ದು.
ಊದಲಿಲ್ಲ. ಚಿಮುಟದಲ್ಲಿ ಹಿಡಿದು ಎಳೆದೆ.
ಬಂತು, ಬಂತು, ಬರುತ್ತಲೇ ಇತ್ತು.

ದ್ಯಾವಪ್ಪನವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು,
ಎರಡು ಬೆರಳಲ್ಲಿ ಜಗ್ಗಿ ನೋಡಿ,
"ಬೈವೋಲ್ಟೀನು ಮೇಡಮ್," ಅಂದರು,
"ಒಳ್ಳೇ ಗೂಡು."