ಪಡಿಯಚ್ಚು

ಸಪ್ತಾಪುರದಾಗ ನಮ್ಮ ಅಂಗಡಿ, ಆರು ಫೂಟು ಅಗಲ.
ಇಪ್ಪತ್ತೆರಡು ವರ್ಷ ಮಂದಿ ನೋಟ್ಸ್ ಝೆರಾಕ್ಸ್ ಹೊಡದೀನಿ.
ಎಂಥೆಂಥಾ ಪಿಎಚ್‌ಡಿ ನನ್ನ ಕೈಯಾಗ
ಕರೇ ರೆಕ್ಸಿನ್ ತೊಟ್ಟು, ಬಂಗಾರದ ಅಕ್ಷರ ಇಟಗೊಂಡು
ಡಾಕ್ಟರಾಗಿ ಹೊಂಟಹೋದುವು.
ಓದಿಲ್ಲ ಒಂದೂ. ಪುಟದ ನಂಬರ್ ನೋಡೀನಿ,
ತಲಿಕೆಳಗಾದ ಹಾಳಿ ತಿರುವಿ ಹಾಕೀನಿ, ಅಷ್ಟ.
ಕೃತಜ್ಞತೆಯ ಪುಟದಾಗ ಮಾತ್ರ ಕಣ್ಣು ನಿಂದರತಿತ್ತು:
ಗುರುಗಳು, ತಾಯಿ-ತಂದಿ, ಗ್ರಂಥಾಲಯದವರು,
ಎಲ್ಲಾರೂ ಮುಗದ ಮ್ಯಾಲೆ, ಕಟ್ಟಕಡೀಕ,
'ಅಂದವಾಗಿ ಬೈಂಡ್ ಮಾಡಿಕೊಟ್ಟ ಪ್ರಭಾವತಿ ಅಕ್ಕನಿಗೆ'.
ಒಬ್ಬಾವ ಪದ್ಮಾವತಿ ಅಂತ ಬರದಿದ್ದ.
ಹೇಳಲಿಲ್ಲ. ಐದೂ ಪ್ರತಿ ಹಂಗ ಹೊಲದು ಕೊಟ್ಟೆ.

ಈಗ ನಲವತ್ತೊಂಬತ್ತಕ್ಕ
ಎಂ.ಎ. ಮೊದಲನೇ ವರ್ಷ, ಇತಿಹಾಸ ಮತ್ತು ಶಾಸನ.
ಅರ್ಜಿಗೆ ಅಂಕಪಟ್ಟಿಯ ಮೂರು ಪ್ರತಿ ಬೇಕಂದ್ರು.
ನಕ್ಕೆ.
ಮನಿಯವರು ಕೇಳಿದ್ರು, "ಕಲತು ಏನ ಮಾಡಾಕಿ?"
ಒಲಿ ಮುಂದ ನಿಂತು ಖರೇನ ವಿಚಾರ ಮಾಡಿದೆ.
"ಗೊತ್ತಿಲ್ರಿ" ಅಂದೆ.
"ಹಂಗಾರ ಮಧ್ಯಾಹ್ನ ಅಂಗಡ್ಯಾಗ ನಾ ಕೂಡ್ತೀನಿ, ಬಿಡು."
ಟೋನರ್ ತುಂಬೂದು ಇನ್ನೂ ಬಂದಿಲ್ಲ ಅವರಿಗೆ,
ಅಂಗಿ ತೋಳೆಲ್ಲಾ ಕಾಡಿಗಿ.

ಮೊದಲನೇ ದಿನ ಬಾಗಲದಾಗ ನನ್ನ ನೋಡಿ
ಇಡೀ ಕ್ಲಾಸು ಎದ್ದು ನಿಂತಿತು.
"ಏ, ಝೆರಾಕ್ಸ್ ಅಕ್ಕ!" ಅಂದ ಮೈಲಾರಿ ಹಿಂದಿನ ಬೆಂಚಿನಿಂದ.
ಎಲ್ಲಾ ಕುಂತುವು.
ಸರ್ ಬಂದು ಹಳದಿ ಹಾಳಿ ಹಿಡದು ಓದಾಕ ಹತ್ತಿದ್ರು.
ಹದಿನಾಕನೇ ಪುಟದ ಮೂಲ್ಯಾಗ
ಚಹಾ ಕಪ್ಪಿನ ಗುರುತು ಇರಬೇಕಲ್ಲಾ ಅಂತ ಕತ್ತು ಚಾಚಿದೆ.
ಇತ್ತು.
ಎಷ್ಟು ಬ್ಯಾಚಿಗೆ ಆ ಚಂದ್ರನ್ನ ಕರ್ರಗ ಮಾಡಿ ಹಂಚೀನೋ!

ಓದಿದ್ದು ನಿಂದರವಲ್ದು.
ಬೆಳಿಗ್ಗೆ ರಾಷ್ಟ್ರಕೂಟರು, ಸಂಜಿಕ ಬರೇ ಕೂಟರು.
ಕುಕ್ಕರ್ ಒಂದು ಸೀಟಿ ಹೊಡದ್ರ
ಅರ್ಧ ವಂಶಾವಳಿ ಹಾರಿಹೋಗತೈತಿ.
ಚಾಳೀಸು ಹಣಿ ಮ್ಯಾಲೆ ಇಟಗೊಂಡು
ಮನಿತುಂಬ ಚಾಳೀಸು ಹುಡುಕತೀನಿ.

ಹಾನಗಲ್ ಕಡೆ ಒಂದೂರಿನ ಕೆರಿ ದಂಡಿಗೆ ಕರಕೊಂಡು ಹೋಗಿದ್ರು.
ಅಡ್ಡ ಬಿದ್ದ ಕಲ್ಲು, ಮ್ಯಾಲೆ ಯಾರೋ ಅರಿವಿ ಒಗದ ಸಾಬೂನಿನ ಕಲಿ.
ತೊಳದು, ತೊಯ್ಸಿದ ಕಾಗದ ಹೊಚ್ಚಿ, ಬ್ರಷ್‌ಲೆ ಬಡೀಬೇಕು.
ಹುಡುಗರು ಎರಡು ಹಾಳಿ ಹರದರು.
"ಅಕ್ಕಾ, ನೀವು ಹಿಡೀರಿ."
ಕಾಗದದ ಗುಣ ನನಗ ಗೊತ್ತು,
ಎಲ್ಲಿ ಸೆಟೀತೈತಿ, ಎಲ್ಲಿ ಮಣೀತೈತಿ.
ಮಸಿ ತಟ್ಟಿದಂಗ ತಟ್ಟಿದಂಗ
ಬೆಳ್ಳಗ ಎದ್ದು ಕುಂತುವು ಒಂಬೈನೂರು ವರ್ಷದ ಅಕ್ಷರ.
ರಾಜನ ಬಿರುದು ಏಳು ಸಾಲು.
ದಾನದ ಹೊಲ, ಅದರ ಗಡಿ, ಗಡಿಗೊಂದು ಹುಣಸಿಮರ.
ಅಳಿಸಿದವರಿಗೆ ಶಾಪ.
ಎಲ್ಲಾ ಮುಗದ ಮ್ಯಾಲೆ, ಕಟ್ಟಕಡೀಕ,
ಜಾಗ ಸಾಲದ ಇಕ್ಕಟ್ಟಿನ್ಯಾಗ ಸಣ್ಣಕ,
'ಕಂಡರಿಸಿದಂ ರೂವಾರಿ ನಾಗೋಜಂ'.
"ಅದು ಇರಲಿ, ಪರೀಕ್ಷಾಕ್ಕ ಬರೂದಿಲ್ಲ" ಅಂದ್ರು ಸರ್,
ಬಸ್ಸಿನ ಕಡೆ ಹೊಂಟ್ರು.
ಬಿಸಲು ಏರಿತ್ತು.
ಮತ್ತೊಂದು ಹಾಳಿ ತೊಯ್ಸಿದೆ, ಆ ಒಂದು ಸಾಲಿಗೆ.

ನಿನ್ನೆ ರಾತ್ರಿ ಶಟರ್ ಎಳಿಯೂ ಹೊತ್ತಿನ್ಯಾಗ
ರೇಷ್ಮಾ ನದಾಫ್ ಬಂದ್ಲು, ನನ್ನ ನೋಟಬುಕ್ಕು ಹಿಡಕೊಂಡು.
"ಅಕ್ಕಾ, ಎಲ್ಲಾರಿಗೂ ಬೇಕಂತ. ಹದಿನಾರು ಪ್ರತಿ."
"ಪುಟಕ್ಕ ಒಂದೂವರಿ ರೂಪಾಯಿ. ಜೋಡಿ ಕಲಿಯಾವ್ರು ಅಂತ ಬಿಡೂದಿಲ್ಲ."
"ಕೊಡ್ತೀವಿ ತಗೋರಿ."
ಮುಚ್ಚಳ ಹಾಕಿದೆ. ಹಸರು ಬೆಳಕು
ನನ್ನ ವಾರಿ ಅಕ್ಷರದ ಕೆಳಗ ಆ ಕಡೆಯಿಂದ ಈ ಕಡೆ ಹಾದು ಹೋತು.
ಹಾಳಿ ಬೆಚ್ಚಗ ಬಂದುವು, ಒಂದರ ಮ್ಯಾಲೊಂದು.
ಆಕಿ ಹೋದ ಮ್ಯಾಲೆ ನೋಡ್ತೀನಿ,
ಒಂದು ಪ್ರತಿ ಉಳದೈತಿ. ಹದಿನೇಳು ಹೊಡದಿದ್ದೆ.
ಇಪ್ಪತ್ತೆರಡು ವರ್ಷದಾಗ ಎಣಿಕಿ ತಪ್ಪಿದ್ದು ಇದ ಮೊದಲು.
ಇರಲಿ ಅಂತ
ಪಿನ್ನು ಹೊಡದು ಮನಿಗೆ ಒಯ್ದೆ.